ಘಟ್ಟದ ಕೆಳಗಿನ ಗಸಿ, ಘಟ್ಟದ ಮೇಲಿನ ಮೆಣಸಿನಕಾಯಿ

ಅಕ್ಕನ್ನ ಕುಂದಾಪುರಕ್ಕೆ ಕೊಟ್ಟ ಮೇಲೆ ದಾವಣಗೆರೇಲಿ ನನಗೊಂದು ಹೊಸ ಡ್ಯೂಟಿ ಬಂದಿದೆ. ಯಾರೇ ಕೊಲ್ಲೂರು, ಮುರುಡೇಶ್ವರ, ಉಡುಪಿ ಅಂತ ಹೊರಟ್ರೂ ಹಿಂದಿನ ರಾತ್ರಿ ಊಟದ ಹೊತ್ತಿಗೆ ಫೋನು, "ಲೇ ನಿಮ್ಮಕ್ಕನ ಊರಾಗೆ ಮೀನೂಟ ಎಲ್ಲಿ ಚೆನ್ನಾಗಿರ್ತೈತಲೇ, ಎರಡು ಹೋಟ್ಲು ಹೆಸ್ರು ವಾಟ್ಸಾಪ್ ಮಾಡು". ಮಾಡ್ತೀನಿ, ಅದ್ರಲ್ಲೇನೈತೆ. ಆದ್ರೆ ಒಬ್ರೂ ಕೇಳದೇ ಇರೋದು ಅಂದ್ರೆ ಈ ತಿಂಗಳಲ್ಲಿ ಅಲ್ಲಿ ಬೋಟು ಸಮುದ್ರಕ್ಕೆ ಇಳಿದಿದ್ಯೋ ಇಲ್ವೋ ಅನ್ನೋದು. ಮಕ್ಕಳ ರಜೆ, ಶನಿವಾರ ಭಾನುವಾರ, ಸ್ನೇಹಿತನ ಕಾರು ಖಾಲಿ ಇದೆ, ಇಷ್ಟು ನೋಡ್ಕೊಂಡು ಹೊರಟುಬಿಡ್ತಾರೆ, ಅಲ್ಲಿ ಹೋಗಿ ಅಂಜಲ್ ಮೀನಿನ ತವಾ ಫ್ರೈ ತಿಂದು ಬಂದು "ಏನೋಪ್ಪ ಹೇಳಿದಷ್ಟೇನಿಲ್ಲ" ಅಂತಾರೆ. ಜುಲೈ ತಿಂಗಳಲ್ಲಿ ಹೋದ್ರೆ ಇನ್ನೇನಾಗುತ್ತೆ ಸ್ವಾಮಿ.

ನಮ್ಮ ಪಶ್ಚಿಮ ಕರಾವಳೀಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಬಲೆ ಎಳ್ಕೊಂಡು ಹೋಗೋ ಟ್ರಾಲ್ ಬೋಟು, ಬಲೆ ಸುತ್ತು ಹಾಕಿ ಹಿಡಿಯೋ ಪರ್ಸಿನ್ ಬೋಟು ಎಲ್ಲಾ ದಡಕ್ಕೆ. ಮೀನು ಮೊಟ್ಟೆ ಇಡೋ ಕಾಲ ಅಂತ ಒಂದು ಕಾರಣ, ಮಳೆಗಾಲದ ಕಡಲು ಮನುಷ್ಯನ್ನ ವಾಪಸ್ ಬಿಡೋ ಗ್ಯಾರಂಟಿ ಇಲ್ಲ ಅನ್ನೋದು ಇನ್ನೊಂದು. 10 ಎಚ್‌ಪಿವರೆಗಿನ ಎಂಜಿನ್ ಇರೋ ನಾಡದೋಣಿಯವರಿಗೆ ಮಾತ್ರ ಅವಕಾಶ, ಅವರೂ ಅಲೆ ಸ್ವಲ್ಪ ತಣ್ಣಗಾದ ದಿನ ನೋಡಿ ಇಳಿಯೋದು, ದೂರ ಹೋಗಲ್ಲ. ಹಂಗಾಗಿ ಆ ಎರಡು ತಿಂಗಳು ನಿಮ್ಮ ತಟ್ಟೆಗೆ ಬರೋದು ಒಂದೋ ನಾಡದೋಣಿಯ ಮೀನು, ಅದು ಸ್ವಲ್ಪವೇ ಸಿಗೋದು, ಸಿಕ್ಕಿದ್ದು ಅಲ್ಲೇ ಊರಲ್ಲೇ ಖಾಲಿ, ಇಲ್ಲಾ ಐಸಲ್ಲಿ ಮಲಗಿದ್ದು, ಇಲ್ಲಾ ಬೇರೆ ಕಡಲಿಂದ ಲಾರಿ ಹತ್ತಿ ಬಂದಿದ್ದು. ಹೋಟೆಲ್‌ನವರು ಸುಳ್ಳೇನೂ ಹೇಳಲ್ಲ, ನೀವು ಕೇಳಲ್ಲ ಅಷ್ಟೆ.

ನನಗೆ ಇದೆಲ್ಲಾ ಗೊತ್ತಾಗಿದ್ದು ಭಾವನಿಂದ. ಅವರು ಗಂಗೊಳ್ಳೀಲಿ ಒಂದು ಐಸ್ ಪ್ಲಾಂಟಿನ ಲೆಕ್ಕ ಬರೀತಾರೆ. ಕುಂದಾಪುರದ ದಡದಲ್ಲಿ ನಿಂತ್ರೆ ಹೊಳೆ ಆಚೆ ಗಂಗೊಳ್ಳಿ ಕಣ್ಣಿಗೇ ಕಾಣುತ್ತೆ, ಕೂಗಿದ್ರೆ ಕೇಳಿಸುತ್ತೇನೋ ಅನ್ಸುತ್ತೆ, ಆದ್ರೆ ರಸ್ತೇಲಿ ಹೋಗ್ಬೇಕಂದ್ರೆ ಹೆಮ್ಮಾಡಿ ದಾಟಿ ತ್ರಾಸಿ ಕಡೆಯಿಂದ ಸುತ್ತು ಹೊಡೀಬೇಕು, ಮಧ್ಯದಲ್ಲಿ ಪಂಚಗಂಗಾವಳಿ. ಬೆಳಿಗ್ಗೆ ಬೇಗ ಹೋದ್ರೆ ಬಂದರಲ್ಲಿ ಕಾಲಿಡೋಕೆ ಜಾಗ ಇರಲ್ಲ. ಬೋಟಿನಿಂದ ಪ್ಲಾಸ್ಟಿಕ್ ಬುಟ್ಟಿ ಕೈಯಿಂದ ಕೈಗೆ ಇಳೀತಾ ಬರುತ್ತೆ, ನೆಲದ ಮೇಲೆ ರಾಶಿ ಸುರೀತಾರೆ, ಒಬ್ಬ ಹರಾಜು ಕೂಗೋಕೆ ಶುರು ಮಾಡ್ತಾನೆ, ಸುತ್ತ ನಿಂತಿರೋರಲ್ಲಿ ಅರ್ಧಕ್ಕರ್ಧ ಹೆಂಗಸರು, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು, ಬಾಯಲ್ಲಿ ಎಲೆ ಅಡಿಕೆ, ಒಂದು ಮಾತೂ ಜಾಸ್ತಿ ಆಡದೆ ಗದ್ದ ಒಂಚೂರು ಎತ್ತಿದ್ರೆ ರೇಟು ಏರ್ತು ಅಂತ. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ನೋಡಿದೋನು ನಾನು, ಅಲ್ಲಿ ಹೆಂಗಸರು ಕಾಣೋದು ಕಸ ಗುಡಿಸೋಕೆ ಮತ್ತೆ ಕಾಳು ಹಸನು ಮಾಡೋಕೆ, ಖರೀದಿ ಎಲ್ಲಾ ಗಂಡಸರದ್ದೇ. ಇಲ್ಲಿ ಗಂಡಸರು ಹಿಡ್ಕೊಂಡು ಬರ್ತಾರೆ, ಆಮೇಲೆ ಅದನ್ನ ದುಡ್ಡು ಮಾಡೋದು ಹೆಂಗಸರು. ಪೇಟೇಲಿ ಬುಟ್ಟಿ ಇಟ್ಕೊಂಡು ಕೂತ ಅಮ್ಮನ ಹತ್ರ ನಾನು "ತಾಜಾ ಇದ್ಯಾ" ಅಂದಿದ್ದಕ್ಕೆ ಬಂಗುಡೆ ಕಿವಿರು ಬೆರಳಲ್ಲಿ ಎತ್ತಿ ಮುಖದ ಹತ್ರಾನೇ ಹಿಡಿದು "ಕಾಣಿ, ಕೆಂಪ್ ಇಲ್ಯಾ" ಅಂದ್ರು. ಇತ್ತು. ಅಲ್ಲಿಂದ ಇವತ್ತಿನವರೆಗೂ ಮೀನು ನೋಡೋದು ಅಷ್ಟೆ, ಕಿವಿರು ಕೆಂಪಗಿರ್ಬೇಕು, ಕಣ್ಣು ಮಸುಕಾಗಿರ್ಬಾರ್ದು, ಹೊಟ್ಟೆ ಒತ್ತಿದ್ರೆ ತಗ್ಗು ಬೀಳ್ಬಾರ್ದು.

ಇನ್ನು ಐಸ್. ಮೀನು ವ್ಯಾಪಾರ ಅಂದ್ರೆ ಅರ್ಧ ಐಸ್ ವ್ಯಾಪಾರ ಅಂತ ಭಾವ ಹೇಳ್ತಾರೆ. ದೂರ ಹೋಗೋ ಬೋಟು ವಾರಗಟ್ಟಲೆ ನೀರಲ್ಲಿರುತ್ತೆ, ಹೋಗೋವಾಗ ಡೀಸೆಲ್ ಎಷ್ಟು ಮುಖ್ಯಾನೋ ಐಸೂ ಅಷ್ಟೇ ಮುಖ್ಯ, ಮೊದಲ ದಿನ ಹಿಡಿದ ಮೀನು ಕೊನೆ ದಿನದವರೆಗೂ ನಿಲ್ಬೇಕಲ್ಲ. ದೊಡ್ಡ ದೊಡ್ಡ ಬ್ಲಾಕು ಕ್ರಷರಿಗೆ ಹಾಕಿ ಪುಡಿ ಮಾಡಿ ಬೋಟಿನ ಹೊಟ್ಟೆಗೆ ತುಂಬೋದು ನೋಡ್ತಾ ನಿಂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಮೀನು ಸಿಗ್ಲಿಲ್ಲ ಅಂದ್ರೆ ಆ ಐಸ್ ಹಂಗೇ ಕರಗಿ ನೀರಾಗಿ ವಾಪಸ್ ಬರುತ್ತೆ, ಬಿಲ್ ಮಾತ್ರ ಕರಗಲ್ಲ. ಜೂನ್ ಬಂತು ಅಂದ್ರೆ ಪ್ಲಾಂಟಿಗೂ ರಜಾ, ಬೋಟು ಬಣ್ಣ ಬಳ್ಕೊಳ್ಳುತ್ತೆ, ಎಂಜಿನ್ ಬಿಚ್ಚುತ್ತೆ, ಬಲೆ ಹೊಲಿಸ್ಕೊಳ್ಳುತ್ತೆ, ಹೊರಗಿಂದ ಬಂದ ಕೆಲಸದ ಹುಡುಗ್ರು ಊರಿಗೆ ಹೋಗ್ತಾರೆ, ಭಾವ ದಾವಣಗೆರೆಗೆ ಬಂದು ಬೆಳಿಗ್ಗೆ ಏಳೂವರೆಗೇ ಬೆಣ್ಣೆ ದೋಸೆ ಹೋಟ್ಲು ಬಾಗಿಲಲ್ಲಿ ನಿಂತಿರ್ತಾರೆ.

ಮಳೆಗಾಲದಲ್ಲಿ ಹೋಗ್ಬೇಡಿ ಅಂತಲ್ಲ ನಾನು ಹೇಳ್ತಿರೋದು. ಹೋಗಿ, ಆದ್ರೆ ಆ ಕಾಲದಲ್ಲಿ ಅಲ್ಲಿಯವರು ಏನು ತಿಂತಾರೋ ಅದನ್ನ ತಿನ್ನಿ. ಬೇಸಿಗೆ ಬಿಸಿಲಲ್ಲಿ ಒಣಗಿಸಿ ಡಬ್ಬಿಗೆ ಹಾಕಿಟ್ಟ ಒಣ ಮೀನು, ಒಣ ಸಿಗಡಿ ಆಗ ಹೊರಗೆ ಬರುತ್ತೆ. ಒಣ ಸಿಗಡಿ ಹುರಿದು, ಕಾಯಿ, ಕೆಂಪು ಮೆಣಸು, ಹುಣಸೆಹಣ್ಣು, ಈರುಳ್ಳಿ ಹಾಕಿ ಮಾಡೋ ಚಟ್ನಿ ಒಂದು ಸ್ಪೂನು ಇದ್ರೆ ಒಂದು ಬಟ್ಟಲು ಕುಚಲಕ್ಕಿ ಗಂಜಿ ಒಳಗೆ ಹೋಗಿದ್ದೇ ಗೊತ್ತಾಗಲ್ಲ, ಹೊರಗೆ ಆ ಮಳೆ, ನಮ್ಮ ಕಡೆ ಮಳೆ ಅಲ್ಲ ಅದು, ಬೆಳಿಗ್ಗೆ ಶುರುವಾಗಿದ್ದು ನಾಡಿದ್ದು ನಿಲ್ಲೋ ಮಳೆ. ಕೆಸುವಿನ ಎಲೆ ಪತ್ರೊಡೆ, ಕಳಲೆ ಪಲ್ಯ, ಹಲಸಿನ ಬೀಜದ ಸಾರು, ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಾವಿನ ಮಿಡಿ, ಇದೆಲ್ಲಾ ಯಾವ ಹೋಟ್ಲು ಬೋರ್ಡಲ್ಲೂ ಇರಲ್ಲ, ಮನೇಲಿ ಮಾತ್ರ. ತುಳು ಲೆಕ್ಕದಲ್ಲಿ ಇದೇ ಆಟಿ ತಿಂಗಳು, ಹಿಂದೆ ದುಡಿಮೆ ಇಲ್ಲದ ಹಸಿವಿನ ತಿಂಗಳು ಅಂತಿದ್ರಂತೆ, ಈಗ ಅದೇ ತಿಂಡಿಗಳನ್ನ ಹಾಲ್ ಬುಕ್ ಮಾಡಿ ಸ್ಟಾಲ್ ಹಾಕಿ ಮಾರ್ತಾರೆ. ಅದೂ ವ್ಯಾಪಾರವೇ, ಬಿಡಿ.

ಈಗ ಮೆಣಸಿನಕಾಯಿ ವಿಷಯಕ್ಕೆ ಬರ್ತೀನಿ, ನಾನು ಬರೆಯೋಕೆ ಕೂತಿದ್ದೇ ಅದಕ್ಕೆ. ನಮ್ದು ಮಂಡಿಪೇಟೆ ಹತ್ರ ಸಣ್ಣ ಕಿರಾಣಿ ಅಂಗಡಿ, ಅಪ್ಪಾಜಿ ಕಾಲದ್ದು. ಅಕ್ಕನ ಮದುವೆ ಮಾತುಕತೆಗೆ ಅವರ ಕಡೆಯವರು ಬಂದಾಗ ಅಕ್ಕನ ಅತ್ತೆ ಹುಡುಗಿ ನೋಡಿದ್ದು ಎಷ್ಟು ಹೊತ್ತೋ ಗೊತ್ತಿಲ್ಲ, ಅಂಗಡೀಲಿ ಮೆಣಸಿನಕಾಯಿ ಚೀಲದ ಮುಂದೆ ನಿಂತಿದ್ದಂತೂ ಬಹಳ ಹೊತ್ತು. ಒಂದು ಕಾಯಿ ತಗೊಂಡು ಮುರಿದು, ಬೀಜ ಅಂಗೈ ಮೇಲೆ ಉದುರಿಸಿ, ಸಿಪ್ಪೆ ಉಗುರಲ್ಲಿ ಉಜ್ಜಿ ಬಣ್ಣ ನೋಡಿ, ಮೂಸಿ, ಆಮೇಲೆ "ಎಷ್ಟ್ ಕೆಜಿ ಕೊಡ್ತ್ರಿ" ಅಂದ್ರು. ಆವತ್ತಿಂದ ಪ್ರತಿ ವರ್ಷ ನಮ್ಮಂಗಡಿಯಿಂದ ಮೆಣಸಿನಕಾಯಿ ಘಟ್ಟ ಇಳೀತಿದೆ. ಅದು ಬ್ಯಾಡಗಿ. ನಮ್ಮಲ್ಲಿಂದ ಹೈವೇಲಿ ಹಾವೇರಿ ಕಡೆ ಹೋಗಿ ಮೋಟೆಬೆನ್ನೂರು ಹತ್ರ ಒಳಗೆ ತಿರುಗಿದ್ರೆ ಬ್ಯಾಡಗಿ ಊರೇ ಸಿಗುತ್ತೆ, ಸೀಸನ್ನಲ್ಲಿ ಆ ಊರಿಗೆ ಕಾಲಿಟ್ರೆ ಸೀನು ನಿಲ್ಲಲ್ಲ.

ಕರಾವಳಿ ಅಡುಗೆ ಅಂದ್ರೆ ಕೆಂಪು ಅಂತ ಫೋಟೋ ಹಾಕ್ತಾರಲ್ಲ, ಆ ಕೆಂಪು ಕರಾವಳಿದಲ್ಲ. ಅಲ್ಲಿಯ ಕೆಂಪು ಮಣ್ಣಲ್ಲಿ, ಆ ಮಳೇಲಿ ಈ ಬೆಳೆ ಒಣಗೋ ಮಾತೇ ಇಲ್ಲ. ಬ್ಯಾಡಗಿಗೆ ಖಾರ ಕಡಿಮೆ ಬಣ್ಣ ಜಾಸ್ತಿ, ಅದೇ ಅದರ ಗುಟ್ಟು. ಒಂದು ಗಸಿಗೆ, ಅಂದ್ರೆ ಅಲ್ಲಿಯ ಕಾಯಿ ಮಸಾಲೆ ಸಾರಿಗೆ, ಇಪ್ಪತ್ತು ಕಾಯಿ ಹಾಕಿದ್ರೂ ನಾಲಿಗೆ ಸುಡಲ್ಲ, ಬೇರೆ ಮೆಣಸಿನಕಾಯಿ ಇಪ್ಪತ್ತು ಹಾಕಿ ನೋಡಿ, ಮನೆಯವರೆಲ್ಲಾ ನೀರಿನ ಕೊಡದ ಹತ್ರಾನೇ ಇರ್ತಾರೆ. ಡಬ್ಬಿ ಅಂತ ಒಂದು ಜಾತಿ, ಗಿಡ್ಡಗೆ ದಪ್ಪಗೆ ಬೀಜ ಜಾಸ್ತಿ, ಕಡ್ಡಿ ಅಂತ ಇನ್ನೊಂದು, ಉದ್ದಕ್ಕೆ ಸಣ್ಣಗೆ ಮೈಯೆಲ್ಲಾ ಸುಕ್ಕು. 2011ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಇಂಥ ಕಡೆಯ ಮಾಲು ಅನ್ನೋ ಸರ್ಕಾರಿ ಗುರುತು, ಅದೂ ಸಿಕ್ಕಿದೆ. ಈಗ ಬಳ್ಳಾರಿ ರಾಯಚೂರು ಆಂಧ್ರದ ಕಡೆಯಿಂದಲೂ ಮಾಲು ಬ್ಯಾಡಗಿ ಮಾರ್ಕೆಟ್ಟಿಗೇ ಬರುತ್ತೆ, ಆದ್ರಿಂದ ಬ್ಯಾಡಗಿಯಲ್ಲಿ ಕೊಂಡಿದ್ದೆಲ್ಲಾ ಬ್ಯಾಡಗಿ ತಳೀನೇ ಅಂತ ಕಣ್ಣು ಮುಚ್ಕೊಂಡು ನಂಬೋ ಹಂಗಿಲ್ಲ, ಇದು ಅಂಗಡಿಯವನಾಗಿ ಹೇಳ್ತಿದೀನಿ. ಹೊಸ ಮಾಲು ಜನವರಿ ಫೆಬ್ರವರಿಯಿಂದ ಜೋರಾಗಿ ಬರುತ್ತೆ, ಉಳಿದಿದ್ದು ಕೋಲ್ಡ್ ಸ್ಟೋರೇಜಿಗೆ ಹೋಗುತ್ತೆ, ಹಳೇದಾದಷ್ಟೂ ಬಣ್ಣ ಇಳಿಯುತ್ತೆ. ಹೋದ ಸಲ ಚೀಲ ಬಿಚ್ಚಿದ ಕೂಡ್ಲೇ ಅತ್ತೆ ಫೋನು, "ಇದ್ಕ್ ಬಣ್ಣವೇ ಇಲ್ಲೆ ಮಾಣಿ, ಹ್ವಾದ್ ವರ್ಷದ್ದಾ?" ಅಂತ. ಹೋದ ವರ್ಷದ್ದೇ, ಆ ರೇಟಿಗೆ ಹೊಸದು ಬರಲ್ಲ ಅತ್ತೆ ಅಂದೆ. ರೇಟು ಕೇಳಿದ್ದು ನೀನಾ ನಾನಾ ಅನ್ನೋ ಥರ ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ ಹೊಸದೇ ಕಳಿಸೋಕೆ ಹೇಳಿ ಫೋನ್ ಇಟ್ರು. ಅಕ್ಕ ಹೇಳಿದ್ದು, ಬಣ್ಣ ಕಡಿಮೆ ಇದ್ದ ಆ ಮೆಣಸನ್ನ ಸಾರಿಗೆ ಬಳಸಿದ್ರಂತೆ, ನೆಂಟರು ಬಂದ ದಿನದ ಕೋಳಿಗೆ ಮುಟ್ಟಿಸ್ಲಿಲ್ಲವಂತೆ.

ಆ ಕೋಳಿ ಗಸಿ ಮಾಡೋದನ್ನ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೀನಿ. ಮೆಣಸಿನಕಾಯಿ ಒಂಚೂರು ತೆಂಗಿನೆಣ್ಣೇಲಿ ಹುರೀತಾರೆ, ಕಪ್ಪಾಗ್ಬಾರ್ದು, ಗರಿಗರಿ ಆಗ್ಬೇಕು, ಅದು ಎರಡು ಸೆಕೆಂಡಿನ ಕೆಲಸ. ಆಮೇಲೆ ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಮೆಂತ್ಯ, ಎಲ್ಲಾ ಬೇರೆ ಬೇರೆ ಹುರಿದು, ಬೆಳ್ಳುಳ್ಳಿ, ಹುಣಸೆಹಣ್ಣು, ಕಾಯಿತುರಿ ಸೇರಿಸಿ ನುಣ್ಣಗೆ ಅರೆಯೋದು, ಕೊನೆಗೆ ಕಾಯಿಹಾಲು. ಇದನ್ನ ಒಣ ರೊಟ್ಟಿ ಮೇಲೆ ಸುರೀತಾರೆ, ಕೋರಿ ರೊಟ್ಟಿ. ನಮ್ಮವರು ರೊಟ್ಟಿ ಅಂದ ಕೂಡ್ಲೇ ಜೋಳದ್ದು ಅನ್ಕೊಂಡು ಮುರಿದು ಅದ್ದಿಕೊಂಡು ತಿನ್ನೋಕೆ ಹೋಗ್ತಾರೆ, ಅದು ಹಂಗಲ್ಲ, ಅಕ್ಕಿಯದ್ದು, ಹಪ್ಪಳದ ಥರ ತೆಳ್ಳಗೆ, ಪುಡಿ ಮಾಡಿ ಗಸಿ ಸುರ್ಕೊಂಡು ಅರ್ಧ ಮೆತ್ತಗೆ ಅರ್ಧ ಗರಿ ಇರೋವಾಗಲೇ ತಿನ್ಬೇಕು, ಮಾತಾಡ್ತಾ ಕೂತ್ರೆ ಗಂಜಿಯಾಗುತ್ತೆ. ಘೀ ರೋಸ್ಟ್ ಬಗ್ಗೆ ಎಲ್ರಿಗೂ ಗೊತ್ತು, ಕುಂದಾಪುರದ ಶೆಟ್ಟಿ ಲಂಚ್ ಹೋಮಿನಿಂದ ಹೊರಬಿದ್ದಿದ್ದು ಅಂತ ಅಲ್ಲಿ ಎಲ್ಲರೂ ಹೇಳ್ತಾರೆ, ಅದಕ್ಕೂ ಇದೇ ಮೆಣಸಿನಕಾಯಿ, ತುಪ್ಪ ಬಿಡುವವರೆಗೂ ಮಸಾಲೆ ಬಾಡಿಸೋದು. ಬೆಂಗಳೂರಲ್ಲಿ ಈ ಹೆಸರಿಟ್ಕೊಂಡು ಕೊಡೋದು ಬಹಳ ಕಡೆ ಸಿಹಿ ಸಿಹಿ ಟೊಮೆಟೊ ಬಣ್ಣದ ಏನೋ ಒಂದು. ತಿನ್ಬೇಡಿ ಅನ್ನಲ್ಲ, ಅದನ್ನ ತಿಂದು ಇದರ ಬಗ್ಗೆ ತೀರ್ಪು ಕೊಡ್ಬೇಡಿ.

ಹಂಗಂತ ವ್ಯಾಪಾರ ಒಂದೇ ಕಡೆಯಿಂದ ಅಲ್ಲ. ಮಂಡಕ್ಕಿ ನೋಡಿ. ಮಲ್ಪೆ ಬೀಚಲ್ಲಿ ಸಂಜೆ ಗಾಡಿ ಹತ್ರ ನಿಂತ್ರೆ ಚರ್ಮುರಿ ಮಾಡಿಕೊಡ್ತಾರೆ, ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಸೀಸನ್ ಇದ್ರೆ ಮಾವಿನಕಾಯಿ, ಮೆಣಸಿನ ಪುಡಿ, ಮೇಲೆ ಹಸಿ ತೆಂಗಿನೆಣ್ಣೆ. ಮೊದಲ ಸಲ ಆ ವಾಸನೆಗೆ ನಮ್ಮ ಕಡೆಯವರು ಮುಖ ಕಿವಿಚ್ತಾರೆ, ತಲೆಗೆ ಹಚ್ಚೋ ಎಣ್ಣೆ ಅಲ್ವೇನಪಾ ಅಂತ. ನನಗೂ ಒಗ್ಗೋಕೆ ಸ್ವಲ್ಪ ಕಾಲ ಬೇಕಾಯ್ತು, ಈಗ ಗಾಡಿ ಕಂಡ್ರೆ ಕಾಲು ತಾನಾಗೇ ನಿಲ್ಲುತ್ತೆ. ಗಾಡಿಯವರನ್ನ ಮಂಡಕ್ಕಿ ಎಲ್ಲಿಂದ ತರಿಸ್ತೀರಿ ಅಂದ್ರೆ "ಘಟ್ಟದ್ ಮೇಲಿಂದ ಮಾರಾಯ್ರೆ" ಅಂದ್ರು, ಯಾವ ಊರು ಅನ್ನೋದು ಅವರಿಗೂ ಬೇಕಾಗಿರ್ಲಿಲ್ಲ. ನಮ್ಮಲ್ಲಿ ಅದೇ ಮಂಡಕ್ಕಿಗೆ ಒಗ್ಗರಣೆ, ಬೆಳ್ಳುಳ್ಳಿ, ಪುಟಾಣಿ ಹಿಟ್ಟು ಹಾಕಿ ಖಾರ ಮಂಡಕ್ಕಿ, ಪಕ್ಕದಲ್ಲಿ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ. ನರ್ಗಿಸ್ ಅಂತ ನಮ್ಮೂರಿನ ಇನ್ನೊಂದು ಬಗೆ ಮಂಡಕ್ಕಿ, ಅದರ ಪೊಟ್ಟಣ ಕಟ್ಟಿಸ್ಕೊಂಡು ಹೋಗಿ ಅಕ್ಕನ ಮನೇಲಿ ಬಿಚ್ಚಿದ್ರೆ ಪಕ್ಕದ ಮನೆ ಮಕ್ಕಳಿಗೂ ಉಳಿಯಲ್ಲ.

ಇನ್ನೊಂದು ವಿಚಿತ್ರ ಏನಂದ್ರೆ ಅವರ ಕುಚಲಕ್ಕಿ ನಮ್ಮ ಮಂಡಕ್ಕಿ ಎರಡರ ಹುಟ್ಟೂ ಒಂದೇ ಕಡೆ. ಕುಚಲಕ್ಕಿ ಮಾಡೋಕೆ ಭತ್ತಾನ ಬೇಯಿಸಿ ಒಣಗಿಸಿ ಆಮೇಲೆ ಹೊಟ್ಟು ತೆಗೀತಾರೆ. ನಮ್ಮ ಮಂಡಕ್ಕಿ ಭಟ್ಟಿಗಳಲ್ಲೂ ಮೊದಲ ಕೆಲಸ ಭತ್ತ ನೆನೆಸಿ ಬೇಯಿಸಿ ಒಣಗಿಸೋದೇ, ಆಮೇಲೆ ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿಗೆ ಹಾಕಿದ್ರೆ ಚಟಪಟ ಅಂತ ಅರಳುತ್ತೆ, ಜರಡಿ ಹಿಡಿದು ಮರಳು ಕೆಳಗೆ ಮಂಡಕ್ಕಿ ಮೇಲೆ. ಭದ್ರಾ ಕಾಲುವೆ ನೀರು ಬಿಟ್ಟ ವರ್ಷ ಭಟ್ಟಿ ಕಡೆ ಹೋದ್ರೆ ಸಾಲಾಗಿ ಭತ್ತದ ಚೀಲ. ಆ ಭಟ್ಟಿ ಶಾಖದಲ್ಲಿ ನಿಂತು ಕೆಲಸ ಮಾಡೋರ ಮೈ ನೋಡಿದ್ರೆ ಇಪ್ಪತ್ತು ರೂಪಾಯಿ ಮಂಡಕ್ಕಿಗೆ ಚೌಕಾಸಿ ಮಾಡೋಕೆ ಮನಸು ಬರಲ್ಲ, ಆದ್ರೂ ಜನ ಮಾಡ್ತಾರೆ. ಭಾವನಿಗೆ ಒಂದ್ಸಲ ಕರ್ಕೊಂಡೋಗಿ ತೋರಿಸ್ದೆ, ಅವರು ಅಷ್ಟೂ ನೋಡಿ ಕೇಳಿದ್ದು ಒಂದೇ, ದಿನಕ್ಕೆ ಕಟ್ಟಿಗೆ ಖರ್ಚು ಎಷ್ಟು ಅಂತ. ಐಸ್ ಪ್ಲಾಂಟಿನ ಕರೆಂಟ್ ಬಿಲ್ ನೋಡಿದೋರಲ್ವಾ.

ಲೆಕ್ಕದ ಮಾತು ಬಂತು ಅಂದ್ರೆ ಪಿಗ್ಮಿ, ಅದೇ ದಿನಾ ಸ್ವಲ್ಪ ಸ್ವಲ್ಪ ಕಟ್ಟೋ ಉಳಿತಾಯ, ಬಿಡೋಕಾಗಲ್ಲ. ನಮ್ಮಂಗಡಿಗೆ ದಿನಾ ಸಂಜೆ ಏಳರ ಹೊತ್ತಿಗೆ ಪಿಗ್ಮಿಯವರು ಬರ್ತಾರೆ. ಅಪ್ಪಾಜಿ ಇದ್ದಾಗ ಕಾರ್ಡಲ್ಲಿ ಬರೆದು ಸಹಿ ಹಾಕೋರು, ಈಗ ಸಣ್ಣ ಮಷಿನ್, ಚೀಟಿ ಬರುತ್ತೆ. ತರಕಾರಿ ಗಾಡಿಯವರು, ಹೂವಿನವರು, ಚಹಾದಂಗಡಿ ಎಲ್ಲರ ಹತ್ರಾನೂ ಕೈಲಾದಷ್ಟು, ಐವತ್ತೋ ನೂರೋ. ಮಗಳ ಮದುವೆ, ಅಂಗಡಿ ಅಡ್ವಾನ್ಸು, ದೀಪಾವಳಿ ಮಾಲು, ಎಷ್ಟೋ ಜನಕ್ಕೆ ಇದೇ ದುಡ್ಡು ಕೈ ಹಿಡಿದಿರೋದು. ಈ ಪದ್ಧತಿ ಘಟ್ಟದ ಕೆಳಗಿಂದ ಬಂದಿದ್ದು ಅಂತ ನಮ್ಮ ಪೇಟೇಲಿ ಬಹಳ ಜನಕ್ಕೆ ಗೊತ್ತಿಲ್ಲ. 1925ರಲ್ಲಿ ಉಡುಪೀಲಿ ಡಾಕ್ಟರ್ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಮೂವರು ಸೇರಿ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ದುಡ್ಡು ಒದಗಿಸೋಕೆ ಅಂತ ಶುರು ಮಾಡಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯ್ತು, ಅವರು 1928ರಲ್ಲಿ ಪಿಗ್ಮಿ ತಂದ್ರು, ದಿನಕ್ಕೆ ಎರಡಾಣೆಯಿಂದ, ಏಜೆಂಟ್ ಮನೆ ಬಾಗಿಲಿಗೇ ಬಂದು ತಗೊಂಡು ಹೋಗೋದು. ಅದೇ 1928ರಲ್ಲಿ ಬೆಳಗಾವಿ ಕಡೆಯಿಂದ ಚೆನ್ನಮ್ಮ ಅನ್ನೋರು ದಾವಣಗೆರೆಗೆ ಬಂದು ದೋಸೆ ಹಾಕೋಕೆ ಶುರು ಮಾಡಿದ್ರು, ಅಲ್ಲಿಂದಲೇ ಬೆಣ್ಣೆ ದೋಸೆ ಅಂತ ನಮ್ಮೂರಲ್ಲಿ ಹೇಳೋ ಕಥೆ. ಎರಡೂ ಒಂದೇ ವರ್ಷ ಅನ್ನೋದು ನನಗೆ ಯಾಕೋ ಬಹಳ ಇಷ್ಟ, ಅದಕ್ಕೇನೂ ಅರ್ಥ ಇಲ್ಲ, ಸುಮ್ನೆ.

ಒಂದು ಸಣ್ಣ ಕರಾವಳಿ ಪಟ್ಟಿಯಿಂದ ಎಷ್ಟು ಬ್ಯಾಂಕು ನೋಡಿ, ಮಂಗಳೂರಲ್ಲಿ 1906ರಲ್ಲಿ ಕೆನರಾ, ಅದೇ ವರ್ಷ ಉಡುಪೀಲಿ ಕಾರ್ಪೊರೇಷನ್, 1924ರಲ್ಲಿ ಕರ್ನಾಟಕ ಬ್ಯಾಂಕ್, 1931ರಲ್ಲಿ ವಿಜಯಾ. ಈಗ ವಿಜಯಾ ಬರೋಡಾದೊಳಗೆ, ಕಾರ್ಪೊರೇಷನ್ ಯೂನಿಯನ್ನಿನೊಳಗೆ, ಸಿಂಡಿಕೇಟ್ ಕೆನರಾದೊಳಗೆ, ಬೋರ್ಡು ಬದಲಾಗಿದೆ. ಅತ್ತೆ ಇನ್ನೂ "ಸಿಂಡಿಕೇಟಿಗೆ ಹೋಯ್ ಬತ್ತೆ" ಅಂತಾನೇ ಹೇಳೋದು, ಪಾಸ್‌ಬುಕ್ ಮೇಲೆ ಏನು ಬರೆದಿದ್ರೂ. ನಮ್ಮ ದಾವಣಗೆರೇಲಿ ಅಷ್ಟೊಂದು ಹತ್ತಿ ಮಿಲ್ಲು ಇದ್ವು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು, ಮಿಲ್ಲು ಹೋಯ್ತು ಹೆಸರು ಉಳೀತು. ಅವರು ಸಣ್ಣ ದುಡ್ಡು ಕೂಡಿಸೋದು ಕಲಿಸಿದ್ರು, ನಾವು ದೊಡ್ಡ ದುಡ್ಡು ಬಂದಾಗ ಏನು ಮಾಡಿದ್ವಿ ಅಂತ ಕೇಳಿದ್ರೆ ಪೇಟೇಲಿ ಹಿರಿಯರು ಮಾತು ಬದಲಾಯಿಸ್ತಾರೆ.

ಅವರ ಕಡೆ ವ್ಯಾಪಾರದ ಗತ್ತೇ ಬೇರೆ. ಊಟದ ಹೋಟ್ಲು ಮಧ್ಯಾಹ್ನ ಮೂರಕ್ಕೆ ಬಂದ್ ಅಂದ್ರೆ ಬಂದ್, ಮೂರೂ ಹತ್ತಕ್ಕೆ ಕಾರು ನಿಲ್ಲಿಸಿ ಏನಾದ್ರೂ ಮಾಡಿಕೊಡಿ ಅಂದ್ರೆ "ಇಲ್ಲ ಮಾರಾಯ್ರೆ, ಆಯ್ತು" ಅಂತಾರೆ, ಮುಖದಲ್ಲಿ ಬೇಜಾರೂ ಇಲ್ಲ ಖುಷಿನೂ ಇಲ್ಲ. ನಮ್ಮವರಾದ್ರೆ ಒಳಗೆ ಕೂರಿಸಿ, ಅನ್ನ ಇಟ್ಟು, ಸಾರು ಇಲ್ಲಾಂದ್ರೆ ಮೊಸರು ಹಾಕಿ ಕಳಿಸ್ತಾರೆ, ಆದ್ರೆ ಬಿಲ್ಲಲ್ಲಿ ಒಂದು ಹತ್ತು ರೂಪಾಯಿ ಗೊಂದಲ ಇದ್ದೇ ಇರುತ್ತೆ. ಅಲ್ಲಿ ಬಿಲ್ ತಪ್ಪಿದ್ದು ನಾನು ನೋಡಿಲ್ಲ. ಅಲ್ಲಿಯವರೇ ಎಷ್ಟೋ ಜನ ನಮ್ಮೂರಿಗೆ ಬಂದು ಹೋಟ್ಲು, ಲಾಡ್ಜು ನಡೆಸ್ತಾರೆ, ಬೈಂದೂರು ಕಡೆಯ ಹುಡುಗ್ರು ಸಪ್ಲೈ ಮಾಡ್ತಾರೆ, ಅವರ ಹತ್ರ ಕುಂದಾಪುರ ಅಂತ ಬಾಯಿ ಬಿಟ್ರೆ ಸಾಕು ಇನ್ನೊಂದು ಸೌಟು ಸಾಂಬಾರ್ ಬೀಳುತ್ತೆ. ವಿದ್ಯಾನಗರದ ಕಡೆ ಈಗ ನೀರು ದೋಸೆ ಸಿಗುತ್ತೆ. ಬೆಣ್ಣೆ ದೋಸೆ ತಿಂದು ಬೆಳೆದ ನಮ್ಮ ಹುಡುಗ್ರಿಗೆ ಅದು ದೋಸೇನೇ ಅಲ್ಲ, ಕರವಸ್ತ್ರ ಅಂತಾರೆ. ಭಾವನಿಗೆ ಬೆಣ್ಣೆ ದೋಸೆ ಇಷ್ಟ, ಆದ್ರೆ ಎರಡು ತಿಂದ ಮೇಲೆ ಮಧ್ಯಾಹ್ನ ಊಟ ಬೇಡ ಅಂತ ಮಲಗಿಬಿಡ್ತಾರೆ, ಅಮ್ಮನಿಗೆ ಅಳಿಯ ಊಟ ಬಿಟ್ಟ ಅನ್ನೋ ಚಿಂತೆ.

ಇನ್ನು ಮೀನು ಘಟ್ಟ ಹತ್ತಿ ನಮ್ಮೂರಿಗೆ ಬರೋ ಕಥೆ. ಭಾನುವಾರ ಬೆಳಿಗ್ಗೆ ದಾವಣಗೆರೇಲಿ ಥರ್ಮೋಕೋಲ್ ಡಬ್ಬಿ ಬಿಚ್ಚೋದು ನೋಡಿದೀರಾ, ಮೇಲೆ ಐಸು, ಕೆಳಗೆ ಬಂಗುಡೆ, ಬೂತಾಯಿ, ಇನ್ನೊಂದು ಡಬ್ಬೀಲಿ ಅಂಜಲ್. ಮೊದಲೆಲ್ಲಾ ನಮ್ಮಲ್ಲಿ ಮೀನು ಅಂದ್ರೆ ಸೂಳೆಕೆರೆದ್ದು, ಹೊಳೆದ್ದು, ಕಾಟ್ಲಾ ರೋಹು ಅಷ್ಟೆ, ಈಗ ಕಡಲ ಮೀನಿಗೇ ಗಿರಾಕಿ ಜಾಸ್ತಿ. ಜೂನ್ ಮೊದಲ ಎರಡು ವಾರ ಮಾತ್ರ ಕೊಳ್ಳೋಕೆ ಹೋಗ್ಬೇಡಿ ಅಂತ ನನ್ನ ಸಲಹೆ. ಯಾಕಂದ್ರೆ ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ, ನಮ್ಮದು ಜೂನ್ 1ಕ್ಕೆ ಶುರು, ಹಂಗಾಗಿ ಆ ಹದಿನಾಲ್ಕು ದಿನ ಎರಡೂ ಕಡೆ ಬೋಟು ದಡದಲ್ಲಿ. ಆಗ ಡಬ್ಬೀಲಿರೋದು ಹಳೇ ಸ್ಟಾಕು, ರೇಟು ಮಾತ್ರ ಹೊಸದು. ಜೂನ್ 15 ಆದ್ಮೇಲೆ ಆಂಧ್ರ ತಮಿಳುನಾಡಿನ ಬೋಟು ಇಳೀತವೆ, ಅಲ್ಲಿಯ ಮೀನು ಬರೋಕೆ ಶುರುವಾಗುತ್ತೆ, ಕುಂದಾಪುರದ ಹೋಟ್ಲಿಗೂ ಅದೇ ಬರೋದು, ನೀವು ಘಟ್ಟ ಇಳಿದು ಹೋಗಿ ಬಂಗಾಳಕೊಲ್ಲಿ ಮೀನು ತಿಂದು ಬರ್ತೀರಿ. ಆಗಸ್ಟ್ ಕಳೀಲಿ. ಸಮುದ್ರ ಪೂಜೆ ಆಗ್ಲಿ, ಬೋಟು ಒಂದೆರಡು ಸುತ್ತು ಹೋಗಿ ಬರ್ಲಿ, ಸೆಪ್ಟೆಂಬರಿಂದ ಹೋಗಿ. ಹೋದೋರು ಅಂಜಲ್ ಅಂಜಲ್ ಅಂತ ಜಪ ಮಾಡೋದು ಬಿಟ್ಟು ಬಂಗುಡೆ ಬೂತಾಯಿ ತಿನ್ನಿ, ಮುಳ್ಳಿಗೆ ಹೆದರ್ಬೇಡಿ, ರುಚಿ ಅದ್ರಲ್ಲೇ ಇರೋದು, ದುಡ್ಡೂ ಕಡಿಮೆ. ಮುಳ್ಳು ಬೇಡವೇ ಬೇಡ ಅನ್ನೋರಿಗೆ ಕಾಣೆ ಅನ್ನೋ ಮೀನು ಇದೆ, ನಡು ಮುಳ್ಳು ಒಂದೇ, ಎಳೆದ್ರೆ ಪೂರ್ತಿ ಬರುತ್ತೆ.

ವಾಪಸ್ ಬರೋವಾಗ ಮೀನು ತರೋರಿಗೆ ಒಂದಿಷ್ಟು ಹೇಳಿಬಿಡ್ತೀನಿ, ಇದನ್ನೂ ಫೋನಲ್ಲಿ ಕೇಳ್ತಾರೆ. ಹೋಟ್ಲು ಪಕ್ಕ ಮಾರೋದು ಬೇಡ, ಬೆಳಿಗ್ಗೆ ಮಾರ್ಕೆಟ್ಟಲ್ಲೇ ತಗೊಳ್ಳಿ. ಹೊಟ್ಟೆ ಕ್ಲೀನ್ ಮಾಡಿಸಿ, ಆದ್ರೆ ತುಂಡು ಮಾಡಿಸ್ಬೇಡಿ, ಇಡೀ ಮೀನೇ ಇರ್ಲಿ. ಡಬ್ಬಿ ತಳಕ್ಕೆ ಒಂದು ಪದರ ಪುಡಿ ಐಸು, ಅದರ ಮೇಲೆ ಮೀನು, ಮತ್ತೆ ಐಸು, ಜಾಗ ಖಾಲಿ ಬಿಡ್ಬಾರ್ದು. ಆಗುಂಬೆ ಘಾಟಿ ನೋಡೋಕೆ ಚೆಂದ, ಹದಿನಾಲ್ಕು ತಿರುವು, ಆದ್ರೆ ಕುಂದಾಪುರದಿಂದ ಬರೋರಿಗೆ ಸಿದ್ದಾಪುರ, ಹುಲಿಕಲ್ ಘಾಟಿ, ಹೊಸನಗರದ ಮೇಲೆ ಶಿವಮೊಗ್ಗ ಸೇರೋದೇ ಸರಿ, ಆಮೇಲೆ ಹೊನ್ನಾಳಿ, ಮನೆ. ಶಿವಮೊಗ್ಗದಲ್ಲಿ ಟೀ ಕುಡಿಯೋಕೆ ನಿಂತಾಗ ಡಬ್ಬಿ ನೀರು ಬಸಿದುಬಿಡಿ. ಬಸ್ಸಲ್ಲಿ ತರೋದಾದ್ರೆ ಮುಚ್ಚಳಕ್ಕೆ ಟೇಪು ಒಂದೆರಡು ಸುತ್ತು ಜಾಸ್ತಿನೇ ಹಾಕ್ಸಿ ಮತ್ತೆ ಡಬ್ಬೀನ ನಿಮ್ಮ ಸೀಟಿನ ಕೆಳಗೇ ಇಟ್ಕೊಳ್ಳಿ, ನೀರು ಸೋರಿ ಮುಂದಿನ ಸೀಟಿನೋರ ಮದುವೆ ಸೀರೆ ಬ್ಯಾಗಿಗೆ ಹೋದ್ರೆ ಹೊನ್ನಾಳಿಯಿಂದ ದಾವಣಗೆರೆವರೆಗೆ ನಿಂತ್ಕೊಂಡೇ ಬರ್ಬೇಕಾಗುತ್ತೆ, ಕಂಡಕ್ಟರ್ರೂ ನಿಮ್ಮ ಕಡೆ ಇರಲ್ಲ.